ಗೃಹಲಕ್ಷ್ಮಿ ಕಂತು ನಿಂತಿದ್ದರೆ ಲೆಕ್ಕ ಕೇಳುವುದು ಹೇಗೆ

ಅಮ್ಮನಿಗೆ ಮೂರು ತಿಂಗಳಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಬಂದಿಲ್ಲ, ಬೀದಿಯಲ್ಲಿ ಬೇರೆ ಯಾರಿಗೂ ಬಂದಿಲ್ಲ ಅಂದಿದ್ದೀರಿ. ಹಾಗಿದ್ದರೆ ತೊಂದರೆ ನಿಮ್ಮ ಆಧಾರ್ ಜೋಡಣೆಯದ್ದಲ್ಲ. ಬಹುಶಃ ಮೇಲಿನಿಂದಲೇ ಹಣ ಬಿಡುಗಡೆ ಆಗಿಲ್ಲ. ಆದರೂ ಮೊದಲು ಸರ್ಕಾರದ ಹಣ ಖಾತೆಗೆ ಬಂದದ್ದನ್ನು ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ತಿಂಗಳವರೆಗೆ ಜಮಾ ಆಗಿದೆ ನೋಡಿ, ಸ್ಕ್ರೀನ್‌ಶಾಟ್ ತೆಗೆದಿಡಿ.

ಆಮೇಲೆ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಬರಹದಲ್ಲಿ ದೂರು ಕೊಡಿ. ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ‘ಮುಂದಿನ ವಾರ ಬರುತ್ತೆ’ ಅನ್ನೋ ಬಾಯಿಮಾತು ಯಾವುದಕ್ಕೂ ಆಗಲ್ಲ.

ಗೃಹಲಕ್ಷ್ಮಿ ಕೊಡ್ತೀವಿ ಅಂತ 2023ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಕೊಟ್ಟ ಮಾತಿನ ಲೆಕ್ಕ ಬೇಕು ಅಂದರೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಯೇ ದಾರಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಹಾಕಿ. ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡ್ ಪ್ರತಿ ಇಟ್ಟರೆ ಅದೂ ಇಲ್ಲ. ‘ಯಾಕೆ ಕೊಟ್ಟಿಲ್ಲ’ ಅಂತ ಕೇಳಬೇಡಿ, ಸುಲಭವಾಗಿ ಜಾರಿಕೊಳ್ತಾರೆ. ಕಾಗದ ಕೇಳಿ. 2025-26ರ ಬಜೆಟ್‌ನಲ್ಲಿ ಇದಕ್ಕೆ ಇಟ್ಟಿದ್ದು 28,608 ಕೋಟಿ. ಅದರಲ್ಲಿ ಯಾವ ತಿಂಗಳು ಎಷ್ಟು ಬಿಡುಗಡೆ ಆಯ್ತು, ಆ ಆದೇಶಗಳ ಪ್ರತಿ ಕೊಡಿ ಅನ್ನಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮಾತ್ರ. ಸುಮ್ನೆ ಉದ್ದ ಬರೆದರೆ ಅದನ್ನೇ ನೆಪ ಮಾಡ್ತಾರೆ.

30 ದಿನದಲ್ಲಿ ಉತ್ತರ ಬರದಿದ್ದರೆ ಅಲ್ಲಿಂದ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ಉತ್ತರ ಬಂದರೆ ಒಂದು ಪ್ರತಿ ನಿಮ್ಮ ಶಾಸಕರಿಗೆ ಕೊಟ್ಟು, ಅಧಿವೇಶನದಲ್ಲಿ ಪ್ರಶ್ನೆ ಹಾಕಲು ಹೇಳಿ.