ಹೊಗೆಯದ್ದು ಕೊನೆಗಿರಲಿ

ಪ್ರಶ್ನೆ: ಮುಂದಿನ ತಿಂಗಳ ಒಂದು ಶನಿವಾರ ಸಂಜೆ ಹತ್ತು ಮಂದಿ ಗೆಳೆಯರು ಮತ್ತು ಸಹೋದ್ಯೋಗಿಗಳನ್ನು ಮನೆಗೆ ಕರೆದು ನಾಲ್ಕು ಬಗೆಯ ವಿಸ್ಕಿಯ ರುಚಿ ತೋರಿಸುವ ಆಸೆ. ಅರ್ಧ ಜನ ಹುಬ್ಬಳ್ಳಿಯಿಂದ ಬರುವವರು. ತಲೆಗೆ 1,500 ರೂಪಾಯಿಯಂತೆ ಪಟ್ಟಿ ಎತ್ತಬಹುದೇ? ಗೋವಾದಿಂದ ತರಿಸಿದರೆ ಅಗ್ಗವಲ್ಲವೇ? 12 ವರ್ಷ ಹಳೆಯದೇ ಆಗಬೇಕೇ? ಜತೆಗೆ ಮಿರ್ಚಿ, ಗಿರಮಿಟ್ ಸಾಕೇ?
– ಹೆಸರು ಬೇಡ, ಸಪ್ತಾಪುರ, ಧಾರವಾಡ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ನಾನೇ ಎಡವಿದ್ದೇನೆ. ಕೆಲವು ವರ್ಷಗಳ ಹಿಂದೆ ಇಂಥದೇ ಕೂಟ ಕರೆದು, ಬಂದವರ ಮುಂದೆ ಬಿಸಿ ಮಿರ್ಚಿಯ ತಟ್ಟೆ ಇಟ್ಟೆ. ಆಮೇಲೆ ಏನು ಸುರಿದರೂ ನಾಲಿಗೆಗೆ ಮೆಣಸಿನಕಾಯಿಯೇ. ತುಟ್ಟಿಯ ಬಾಟಲಿಯನ್ನು ಕೊನೆಗೆ ತೆರೆದಾಗ ಒಬ್ಬರು ಸೋಡಾ ಕೇಳಿದರು, ಇನ್ನೊಬ್ಬರು ಆಗಲೇ ಹಾಡು ಶುರುಮಾಡಿದ್ದರು. ಬಂದ ಕೂಡಲೇ ಚಪಾತಿ, ಮೊಸರು ಬಡಿಸಿಬಿಡಿ. ಬರಿ ಹೊಟ್ಟೆಯಲ್ಲಿ ಯಾರೂ ಕೂರುವುದು ಬೇಡ. ರುಚಿ ನೋಡುವಾಗ ನಡುನಡುವೆ ಒಣ ಚುರಮುರಿ, ನೀರು ಇದ್ದರೆ ಸಾಕು. ಮಿರ್ಚಿ, ಸಾವಜಿ ಊಟ ಎಲ್ಲ ಆಮೇಲೆ.

ಒಂದೊಂದು ಬಗೆಯದು ಒಬ್ಬರಿಗೆ 15 ಮಿಲಿ, ಅಂದರೆ ಸಣ್ಣ ಪೆಗ್ಗಿನ ಅರ್ಧ. ನೀವೂ ಸೇರಿ ಹನ್ನೊಂದು ಮಂದಿಗೆ 165 ಮಿಲಿ. 180 ಮಿಲಿಯ ಒಂದು ಕ್ವಾರ್ಟರಿನಲ್ಲಿ ಮುಗಿದು ಗುಟುಕು ಉಳಿಯುತ್ತದೆ. ದೊಡ್ಡ ಬಾಟಲಿ ತಂದರೆ, ಸುರಿದ ಮರುಕ್ಷಣವೇ ಅದನ್ನು ಒಳಕೋಣೆಗೆ ಸಾಗಿಸಿ. ಮೇಜಿನ ಮೇಲೆ ಕಂಡ ಬಾಟಲಿಯನ್ನು ಖಾಲಿ ಮಾಡದೆ ಏಳಬಾರದೆಂಬ ವ್ರತ ಹಿಡಿದವರು ಪ್ರತಿ ಕಚೇರಿಯಲ್ಲೂ ಒಬ್ಬರಿರುತ್ತಾರೆ.

ಪಟ್ಟಿ ಎತ್ತಬೇಡಿ. ಪರವಾನಗಿ ಇಲ್ಲದೆ ಹಣ ಪಡೆದು ಮದ್ಯ ಕೊಟ್ಟರೆ ಅದು ಮಾರಾಟ ಎನಿಸಿಕೊಳ್ಳಬಹುದು. ಗೋವಾದ ಬಾಟಲಿಯನ್ನು ಪರವಾನಗಿ ಇಲ್ಲದೆ ಗಡಿ ದಾಟಿಸಿದರೂ ಅಬಕಾರಿ ಪ್ರಕರಣವೇ. ಗೋವಾದಲ್ಲೇ ತಯಾರಾಗುವ ಪಾಲ್ ಜಾನ್ ವಿಸ್ಕಿ ಬೇಕೆನಿಸಿದರೆ ನಮ್ಮ ರಾಜ್ಯದ ಅಂಗಡಿಯಲ್ಲೇ ಕೊಳ್ಳಿ.

ವಯಸ್ಸಿನ ಮಾತಿಗೆ ಬಂದರೆ, 12 ಎಂಬ ಅಂಕಿಗೆ ಅಷ್ಟು ತಲೆಬಾಗಬೇಕಿಲ್ಲ. ಸ್ಕಾಚ್, ಅಂದರೆ ಸ್ಕಾಟ್ಲೆಂಡಿನ ವಿಸ್ಕಿ, ಕನಿಷ್ಠ 3 ವರ್ಷ ಓಕ್ ಮರದ ಪೀಪಾಯಿಯಲ್ಲಿರಬೇಕು ಎಂಬುದು ಅಲ್ಲಿನ ಕಾನೂನು. ಆ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾಗುತ್ತದೆ. 'ದೇವತೆಗಳ ಪಾಲು' ಎನ್ನುತ್ತಾರೆ. ಬೆಂಗಳೂರಿನಲ್ಲಿ ಅದು ಶೇ 10ಕ್ಕೂ ಮೇಲೆ. ನಮ್ಮ ದೇವತೆಗಳಿಗೆ ಬಾಯಾರಿಕೆ ಹೆಚ್ಚು. ಬಿಸಿಲಿಗೆ ಮರದ ಸಾರವೂ ಬೇಗ ಇಳಿಯುವುದರಿಂದ ನಾಲ್ಕೈದು ವರ್ಷಕ್ಕೇ ನಮ್ಮದು ಹದಕ್ಕೆ ಬರುತ್ತದೆ. ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ (ಒಂದೇ ಭಟ್ಟಿಯಲ್ಲಿ ಬರಿ ಬಾರ್ಲಿಯ ಮೊಳಕೆಯಿಂದ ತೆಗೆದ ವಿಸ್ಕಿ) 2004ರಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಬಣ್ಣ ನೋಡಿ ವಯಸ್ಸು ಹೇಳುವವರನ್ನಂತೂ ನಂಬಬೇಡಿ. ಕ್ಯಾರಮೆಲ್ ಬೆರೆಸಿ ಬಣ್ಣ ಏರಿಸಲು ಸ್ಕಾಚಿಗೂ ಅನುಮತಿಯಿದೆ.

ನನ್ನನ್ನು ಕೇಳಿದರೆ ಒಂದು 12 ವರ್ಷದ ಸ್ಕಾಚ್, ಒಂದು ಅಮೃತ್, ಸ್ಕಾಟ್ಲೆಂಡಿನ ಐಲಾ ದ್ವೀಪದ ಹೊಗೆ ವಾಸನೆಯದೊಂದು. ನಾಲ್ಕನೆಯದು ನಿಮ್ಮ ಕಚೇರಿಯವರು ದಿನವೂ ಕುಡಿಯುವ ಅಗ್ಗದ ಕ್ವಾರ್ಟರ್. ಅಂಥ ಹಲವು ವಿಸ್ಕಿಗಳಲ್ಲಿ ಬಹುಪಾಲು ಕಬ್ಬಿನ ಕಾಕಂಬಿಯಿಂದ ತೆಗೆದ ಮದ್ಯಸಾರ. ಯುರೋಪಿನಲ್ಲಿ ಅದನ್ನು ವಿಸ್ಕಿ ಎಂದು ಮಾರುವಂತಿಲ್ಲ. ನಾಲ್ಕಕ್ಕೂ ಹಳೆಯ ಪತ್ರಿಕೆ ಸುತ್ತಿ, ಬರಿ ಸಂಖ್ಯೆ ಬರೆಯಿರಿ. ಹೊಗೆಯದ್ದು ಮಾತ್ರ ಕೊನೆಗೇ ಇರಲಿ; ಅದಾದ ಮೇಲೆ ಬೇರೆ ಯಾವುದೂ ಮೂಗಿಗೆ ಹತ್ತುವುದಿಲ್ಲ. ಬಾಯಿ ಕಿರಿದಾದ ಗಾಜಿನ ಲೋಟ ಸಿಕ್ಕರೆ ಒಳ್ಳೆಯದು. ಮೊದಲ ಗುಟುಕಿನ ನಂತರ ಎರಡು ಮೂರು ಹನಿ ನೀರು ಬಿಡಿ, ಪರಿಮಳ ಬಿಚ್ಚಿಕೊಳ್ಳುತ್ತದೆ. ಬೋರಿನ ಗಡಸು ನೀರು ಬೇಡ. ಐಸೂ ಬೇಡ, ತಂಪಿಗೆ ಪರಿಮಳ ಅಡಗುತ್ತದೆ.

ಇನ್ನು ಬಾಟಲಿಯ ಡಬ್ಬಿಯ ಮೇಲಿನ ವರ್ಣನೆಯನ್ನು ಯಾರೂ ಗಟ್ಟಿಯಾಗಿ ಓದದಂತೆ ನೋಡಿಕೊಳ್ಳಿ. ಸ್ಕಾಟ್ಲೆಂಡಿನ ಗುಡ್ಡದ ಹೂವಿನ ವಾಸನೆ ನಮಗೇನು ಗೊತ್ತು? ಒಬ್ಬೊಬ್ಬರಿಗೂ ಚೀಟಿ ಕೊಟ್ಟು, ತಮ್ಮ ಮನೆಯ, ಸಂತೆಯ ಮಾತಿನಲ್ಲೇ ಬರೆಯಲು ಹೇಳಿ. ನಮ್ಮ ಕೂಟದಲ್ಲಿ ಹಾವೇರಿಯ ಗೆಳೆಯರೊಬ್ಬರು ಐಲಾದ್ದನ್ನು ಮೂಸಿ, 'ಕೆಂಡದಲ್ಲಿ ಸುಟ್ಟ ಬದನೆಕಾಯಿ' ಎಂದರು. ಬಾರ್ಲಿಯ ಮೊಳಕೆಯನ್ನು ಪೀಟ್ ಎಂಬ ಜೌಗುಮಣ್ಣು ಉರಿಸಿ, ಅದರ ಹೊಗೆಯಲ್ಲಿ ಒಣಗಿಸುತ್ತಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮತ್ತೊಬ್ಬರಿಗೆ ಅಮೃತ್‌ನಲ್ಲಿ ಧಾರವಾಡ ಪೇಡೆಯ ಕಂದು ಸಿಹಿ ಸಿಕ್ಕಿತು. ಆಮೇಲೆ ಪೇಡೆ ತರಿಸಿ ಜತೆಗಿಟ್ಟು ನೋಡಿದೆವು. ನಿಜವಾಗಿಯೂ ಹೊಂದುತ್ತದೆ.

ನೀವು ಕೇಳದ ಮಾತೊಂದು. ನಾಲ್ಕು ಸುತ್ತಿಗೆ ಒಬ್ಬರ ಹೊಟ್ಟೆ ಸೇರುವುದು 60 ಮಿಲಿ. ವಾಹನ ಓಡಿಸುವವರ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇರಬಾರದು. ಅಷ್ಟು ಕುಡಿದವರು ಆ ಗಡಿ ದಾಟಿರಬಹುದು. ಮೊದಲ ಬಾರಿಗೆ ಸಿಕ್ಕಿಬಿದ್ದರೂ 10,000 ರೂಪಾಯಿ ದಂಡವೋ, ಜೈಲೋ, ಎರಡೂ ಆಗಬಹುದು. ಹುಬ್ಬಳ್ಳಿಯವರಿಗೆ ಬಾಡಿಗೆ ಕಾರು ಗೊತ್ತುಮಾಡಿ, ಬೈಕಿನ ಬೀಗದ ಕೈಗಳನ್ನು ಬಾಗಿಲಲ್ಲೇ ಇಸಿದುಕೊಳ್ಳಿ. ಕುಡಿಯದ ಸಹೋದ್ಯೋಗಿಗಳನ್ನೂ ಕರೆಯಿರಿ. ಮೂಸಿ ನೋಡಿ ಚೀಟಿ ಬರೆಯಲು ಕುಡಿಯಲೇಬೇಕೆಂದಿಲ್ಲ. ಆದರೆ 'ಒಂದು ಗುಟುಕು, ಏನಾಗುತ್ತದೆ' ಎಂದು ಅವರ ಬೆನ್ನು ಹತ್ತುವವರನ್ನು ನೀವೇ ತಡೆಯಬೇಕು. ನಿಮ್ಮ ಕೈಕೆಳಗಿನವರಿದ್ದರೆ ಇನ್ನೂ ಎಚ್ಚರ: ಸಾಹೇಬರ ಮನೆಯಲ್ಲಿ ಲೋಟ ಬೇಡವೆನ್ನಲು ಧೈರ್ಯ ಬೇಕಾಗುತ್ತದೆ.

ಪತ್ರಿಕೆ ಸುತ್ತಿದ ಆ ಅಗ್ಗದ ಕ್ವಾರ್ಟರಿಗೆ ಎಷ್ಟು ಅಂಕ ಬಿತ್ತೆಂದು ಮಾತ್ರ ತಪ್ಪದೆ ಬರೆಯಿರಿ. ನಮ್ಮಲ್ಲಿ ಅದಕ್ಕೆ ಎರಡನೆಯ ಸ್ಥಾನ ಸಿಕ್ಕಿತ್ತು.