ಥೈರಾಯ್ಡ್ ಇದ್ದವರು ಗೋಧಿ ಬಿಡಬೇಕಾ?

ಹಾಶಿಮೊಟೊ ಥೈರಾಯ್ಡ್ ಇದೆ, ಚಪಾತಿ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ, ಗೋಧಿ ಬಿಟ್ಟುಬಿಡಲಾ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಬಿಡಬೇಡಿ. ಮೊದಲು ಸೀಲಿಯಾಕ್ ಕಾಯಿಲೆಗೆ ರಕ್ತ ಪರೀಕ್ಷೆ ಮಾಡಿಸಿ.

ಸೀಲಿಯಾಕ್ ಅಂದರೆ ಬರೀ ಅಜೀರ್ಣ ಅಲ್ಲ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಹೊಟ್ಟೆಗೆ ಹೋದಾಗ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಹಾಳು ಮಾಡುತ್ತದೆ. ಹಾಶಿಮೊಟೊದಲ್ಲಿ ಅದೇ ವ್ಯವಸ್ಥೆ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿ ಬೀಳುತ್ತದೆ. ಹಾಶಿಮೊಟೊ ಅಥವಾ ಟೈಪ್ 1 ಮಧುಮೇಹ ಇದ್ದವರಲ್ಲಿ ಸೀಲಿಯಾಕ್ ಜಾಸ್ತಿ ಕಾಣುತ್ತದೆ. ಅಪಾಯ ಹೆಚ್ಚಿಸುವ ಕೆಲವು ಜೀನ್‌ಗಳು ಇವುಗಳಲ್ಲಿ ಒಂದೇ ಆಗಿರುವುದು ಇದಕ್ಕೊಂದು ಕಾರಣ. ಹಾಗಂತ ಗ್ಲುಟೆನ್‌ನಿಂದಲೇ ಥೈರಾಯ್ಡ್ ಬಂತು ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ.

ಇನ್ನೊಂದು ವಿಷಯ ಗಮನಿಸಿ. ಕರುಳು ಹಾಳಾದರೆ ಥೈರಾಯ್ಡ್‌ಗೆ ತೆಗೆದುಕೊಳ್ಳುವ ಥೈರಾಕ್ಸಿನ್ ಮಾತ್ರೆ ಸರಿಯಾಗಿ ಹೀರಿಕೆಯಾಗುವುದಿಲ್ಲ. ಡೋಸ್ ಏರಿಸುತ್ತಲೇ ಹೋದರೂ ಟಿಎಸ್ಎಚ್ (ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಾಗ ರಕ್ತದಲ್ಲಿ ಏರುವ ಅಂಶ) ಇಳಿಯುತ್ತಿಲ್ಲ ಅಂದರೆ ವೈದ್ಯರಿಗೆ ಇದನ್ನು ಹೇಳಲೇಬೇಕು.

ಸೀಲಿಯಾಕ್ ರಕ್ತ ಪರೀಕ್ಷೆಯ ಹೆಸರು ಟಿಟಿಜಿ ಐಜಿಎ. ಐಜಿಎ ಅಂದರೆ ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ. ಜೊತೆಗೆ ಒಟ್ಟು ಐಜಿಎ ಕೂಡ ನೋಡಿಸಿ, ಅದೇ ಕಡಿಮೆ ಇರುವವರಲ್ಲಿ ಫಲಿತಾಂಶ ದಾರಿ ತಪ್ಪಿಸುತ್ತದೆ. ಗೋಧಿ ಬಿಟ್ಟು ಕೆಲವು ವಾರ, ತಿಂಗಳು ಕಳೆದ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ನೆಗೆಟಿವ್ ಬರಬಹುದು. ಬಿಡಬೇಡಿ ಅಂದಿದ್ದು ಅದಕ್ಕೇ.

ಸೀಲಿಯಾಕ್ ಇಲ್ಲದಿದ್ದರೆ ಉಬ್ಬರಕ್ಕೆ ಗೋಧಿಯಲ್ಲಿರುವ ಫ್ರಕ್ಟಾನ್ ಎಂಬ ಶರ್ಕರಪಿಷ್ಟ ಕಾರಣ ಇರಬಹುದು. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಅದಿದೆ. ಸೀಲಿಯಾಕ್ ಇದೆ ಅಂತಾದರೆ ಜೀವನಪೂರ್ತಿ ಗ್ಲುಟೆನ್ ಇಲ್ಲದ ಪಥ್ಯ. ರಾಗಿ, ಜೋಳ, ಅಕ್ಕಿ ನಡೆಯುತ್ತದೆ. ಚಿರೋಟಿ ರವೆ, ಉಪ್ಪಿಟ್ಟಿನ ರವೆ, ಗೋಧಿ ಶಾವಿಗೆ ಬೇಡ. ಅಂಗಡಿಯ ಇಂಗಿಗೂ ಎಷ್ಟೋ ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಡಬ್ಬಿ ಮೇಲಿನ ಪಟ್ಟಿ ಓದಿ.