ತರಸೋವಾ ಶಿಷ್ಯರ ಪದಕಗಳ ಲೆಕ್ಕ ತಾಳೆಯಾಗದಿರುವ ಬಗ್ಗೆ

ಫಿಗರ್ ಸ್ಕೇಟಿಂಗ್ ತರಬೇತುದಾರ್ತಿ ತತ್ಯಾನಾ ತರಸೋವಾ ಅವರ ಕುರಿತ ಲೇಖನ ತಿದ್ದುತ್ತಿರುವ ನೀವು, ಅವರ ಶಿಷ್ಯರ ಪದಕಗಳ ಲೆಕ್ಕ ಎರಡು ಪಟ್ಟಿಗಳಲ್ಲಿ ಬೇರೆಬೇರೆ ಏಕೆ ಎಂದು ಕೇಳಿದ್ದೀರಿ. ಸೋವಿಯತ್ ಜೋಡಿ ಸ್ಕೇಟರ್ ಇರಿನಾ ರೊದ್ನಿನಾ ಅವರ ಮೂರು ಒಲಿಂಪಿಕ್ ಚಿನ್ನಗಳನ್ನೂ ಒಂದು ಪಟ್ಟಿ ತರಸೋವಾ ಅವರ ಲೆಕ್ಕಕ್ಕೆ ಸೇರಿಸಿ, ಇನ್ನೊಂದು ಎರಡನ್ನು ಮಾತ್ರ ಸೇರಿಸಿರುವುದಕ್ಕೆ ಕಾರಣ ಬಹುಶಃ ರೊದ್ನಿನಾ 1974ರಲ್ಲಿ ತರಬೇತುದಾರರನ್ನು ಬದಲಿಸಿದ್ದು. ನೀವು ಪಟ್ಟಿಗಳನ್ನು ಹೆಸರಿಸಿಲ್ಲವಾದ್ದರಿಂದ ಇದಕ್ಕಿಂತ ಖಚಿತವಾಗಿ ಹೇಳಲಾರೆ.

ಲೇಖನ ತಿದ್ದುವಾಗ ಮೊದಲು 1972ರ ಸಪ್ಪೊರೊ ಚಿನ್ನವನ್ನು ಬೇರ್ಪಡಿಸಿ. ಆಗ ರೊದ್ನಿನಾ ಅವರ ಜೊತೆಗಾರ ಅಲೆಕ್ಸಿ ಉಲಾನೊವ್, ತರಬೇತುದಾರ ಸ್ಟಾನಿಸ್ಲಾವ್ ಝುಕ್. ನಂತರದ ಜೊತೆಗಾರ ಅಲೆಕ್ಸಾಂಡರ್ ಜೈತ್ಸೆವ್ ಅವರೊಂದಿಗೆ 1973 ಮತ್ತು 1974ರಲ್ಲಿ ಗೆದ್ದ ವಿಶ್ವಪ್ರಶಸ್ತಿಗಳೂ ಝುಕ್ ಅವರ ಕಾಲದವೇ. ಜೊತೆಗಾರ ಬದಲಾದೊಡನೆ ಗುರುವೂ ಬದಲಾದರೆಂದು ಭಾವಿಸಿದರೆ ಇಲ್ಲಿಯೇ ಲೆಕ್ಕ ತಪ್ಪುತ್ತದೆ. ಆನಂತರ 1976ರ ಇನ್ಸ್‌ಬ್ರುಕ್ ಮತ್ತು 1980ರ ಲೇಕ್ ಪ್ಲಾಸಿಡ್ ಚಿನ್ನಗಳನ್ನು ತರಸೋವಾ ಅವರ ಹೆಸರಿನಲ್ಲಿ ಬರೆಯಿರಿ.

ಪುರುಷರ ಸಿಂಗಲ್ಸ್ ಸ್ಕೇಟರ್ ಅಲೆಕ್ಸಿ ಯಾಗುದಿನ್ ಅವರ ವಿಷಯದಲ್ಲಿಯೂ ಇದೇ ಎಚ್ಚರ ಬೇಕು: 1998ರ ವಿಶ್ವಪ್ರಶಸ್ತಿ ಅಲೆಕ್ಸಿ ಮಿಶಿನ್ ಅವರ ಗರಡಿಯದು, 2002ರ ಸಾಲ್ಟ್ ಲೇಕ್ ಸಿಟಿ ಚಿನ್ನ ತರಸೋವಾ ಅವರದು. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಇಲ್ಯಾ ಕುಲಿಕ್ ಅವರ ಹೆಸರನ್ನು ತರಸೋವಾ ಅವರ ಲೆಕ್ಕದಲ್ಲಿ ಹಾಗೆಯೇ ಉಳಿಸಿಕೊಳ್ಳಬಹುದು.

ಗಾಯದಿಂದಾಗಿ ಜೋಡಿ ಸ್ಕೇಟಿಂಗ್ ತೊರೆದು, ಇಪ್ಪತ್ತರ ಆಸುಪಾಸಿನಲ್ಲೇ ತರಬೇತಿಗೆ ಇಳಿದ ತರಸೋವಾ ಅವರ ಸಾಧನೆ ಇಷ್ಟರಿಂದಲೇ ದೊಡ್ಡದು. ಝುಕ್ ಅವರ ಪಾಲನ್ನು ಅದಕ್ಕೆ ಸೇರಿಸುವ ಅಗತ್ಯವಿಲ್ಲ. ಪ್ರತಿ ಪದಕದ ಮುಂದೆ ವರ್ಷ, ಜೊತೆಗಾರ, ಆ ವರ್ಷದ ತರಬೇತುದಾರ ಎಂಬ ಮೂರನ್ನೂ ನಮೂದಿಸಿ, ಆಮೇಲೆ ಕೂಡಿಸಿ.